ಕೆಂಪು ಶಾಯಿಯ ಷರಾ

ಸಿಸ್ಟರ್ ಸೆವ್ರಿನ್ ಲೋಬೋ ಮಂಡ್ಯಕ್ಕೆ ಬಂದಾಗ ಅವರಿಗೆ ಇಪ್ಪತ್ತಾರು ವರ್ಷ. ಈಗ ಅರವತ್ತೈದು. ಹುಟ್ಟಿದ್ದು ಬಂಟ್ವಾಳದ ಕಡೆ, ಮನೆಮಾತು ಕೊಂಕಣಿ. ಆದರೆ ಮೂವತ್ತೊಂಬತ್ತು ವರ್ಷ ಈ ಸೀಮೆಯ ಹಳ್ಳಿಗಳ ಜಗಲಿಗಳಲ್ಲಿ ಕೂತು ಕೂತು ಅವರ ನಾಲಗೆ ಇಲ್ಲಿಯದೇ ಆಗಿಹೋಗಿತ್ತು. ಚಾಪೆಲಿನಲ್ಲಿ ಪ್ರಾರ್ಥನೆ ಮುಗಿಸಿ ಬಂದವರು ಬಸ್‌ಸ್ಟ್ಯಾಂಡಿನ ನೂಕುನುಗ್ಗಲಲ್ಲಿ "ಬುಡಪ್ಪ, ವಸಿ ಜಾಗ ಬುಡು" ಅನ್ನುವುದನ್ನು ಕೇಳಿ ಹೊಸ ವಿದ್ಯಾರ್ಥಿಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಕೊಪ್ಪದಿಂದ ಕಿರುಗಾವಲಿನವರೆಗೆ ಅವರು ಎಲ್ಲರಿಗೂ 'ಸಿಸ್ಟ್ರಮ್ಮ'.

ಅವರ ಸನ್ಯಾಸಿನಿಯರ ಸಭೆಯವರು ನಡೆಸುವ ಸಣ್ಣ ಕಾಲೇಜಿನಲ್ಲಿ ಸಮಾಜಕಾರ್ಯ ವಿಭಾಗ ಶುರು ಮಾಡಿದ್ದೇ ಅವರು. ಮೊದಲ ವರ್ಷ ಹನ್ನೊಂದು ಜನ ವಿದ್ಯಾರ್ಥಿಗಳು, ಶೀಟಿನ ಮಾಡಿನ ಒಂದು ಕೋಣೆ. ವಾರದಲ್ಲಿ ನಾಲ್ಕು ದಿನ ಪಾಠ, ಎರಡು ದಿನ ಹಳ್ಳಿ. ಹಳ್ಳಿಗೆ ಹೋದವರು ಕಂಡದ್ದು ಕೇಳಿದ್ದನ್ನೆಲ್ಲ ಡೈರಿಯಲ್ಲಿ ಬರೆದು ತರಬೇಕು. ಆ ಡೈರಿಗಳನ್ನು ಸಿಸ್ಟರ್ ಒಂದು ಸಾಲೂ ಬಿಡದೆ ಓದುತ್ತಿದ್ದರು, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಷರಾ ಬರೆಯುತ್ತಿದ್ದರು. ಅವರ ಕೈಯಲ್ಲಿ ಕಲಿತು ಹೋದವರು ಆರುನೂರಕ್ಕೂ ಹೆಚ್ಚು. ಕೆಲವರು ಅಧಿಕಾರಿಗಳಾದರು, ಕೆಲವರು ಆಸ್ಪತ್ರೆಗಳಲ್ಲಿ ಆಪ್ತಸಲಹೆಗಾರರಾದರು, ಕೆಲವರು ಎಲ್ಲ ಬಿಟ್ಟು ಹಾಲಿನ ಡೈರಿ ಇಟ್ಟರು. ಎಲ್ಲರಿಗೂ ಒಂದು ಮಾತು ಮಾತ್ರ ಬಾಯಿಪಾಠವಾಗಿತ್ತು: "ಎದುರಿಗಿರುವವರು ಎಲ್ಲಿ ನಿಂತಿದ್ದಾರೋ ಅಲ್ಲಿಂದ ಶುರು ಮಾಡಿ. ನೀವು ನಿಂತ ಜಾಗದಿಂದ ಅಲ್ಲ."

ಜುಲೈ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಜೊತೆಯಲ್ಲಿ ಪಾಠ ಮಾಡುವ ವೀಣ ಪತ್ರಿಕೆಯೊಂದನ್ನು ತಂದು ಅವರ ಮೇಜಿನ ಮೇಲೆ ಹರಡಿದಳು. ಮದ್ದೂರಿನ ಆಚೆ ಮುಚ್ಚಿಹೋದ ಕೋಳಿಫಾರಂ ಒಂದರಲ್ಲಿ ಗರ್ಭಿಣಿಯರಿಗೆ ಕದ್ದು ಸ್ಕ್ಯಾನಿಂಗ್ ಮಾಡಿ, ಹೆಣ್ಣೆಂದು ತಿಳಿದರೆ ತೆಗೆದುಹಾಕುವ ಜಾಲವೊಂದು ಸಿಕ್ಕಿಬಿದ್ದಿತ್ತು. ಕಿರುಗಾವಲಿನ ರೂಪ ಎಂಬ ಇಪ್ಪತ್ತನಾಲ್ಕು ವರ್ಷದ ಹೆಂಗಸು ರಕ್ತ ನಿಲ್ಲದೆ ಸತ್ತ ಮೇಲೆ ಎಲ್ಲ ಬಯಲಾಗಿತ್ತು. ನಾಲ್ವರನ್ನು ಹಿಡಿದಿದ್ದರು. ಯಂತ್ರ ತಂದವನು, ಅದನ್ನು ನಡೆಸಿದವನು, ದಾದಿಯ ವೇಷದ ಒಬ್ಬಳು, ಮತ್ತು ಹಳ್ಳಿಗಳಿಂದ ಹೆಂಗಸರನ್ನು ಕರೆತರುತ್ತಿದ್ದ, ತಾಯಿಮಕ್ಕಳ ಆರೋಗ್ಯಕ್ಕೆಂದೇ ಇದ್ದ ಸಂಸ್ಥೆಯ ಕಾರ್ಯಕರ್ತೆ. ಅವಳ ಹೆಸರು ಶಶಿರೇಖಾ.

ಸಿಸ್ಟರ್ ಎರಡು ಸಲ ಓದಿದರು. ಪಕ್ಕದಲ್ಲಿ ಚಿಕ್ಕ ಫೋಟೋ ಇತ್ತು. ಮುಖಕ್ಕೆ ಸೆರಗು ಮುಚ್ಚಿಕೊಂಡಿದ್ದರೂ ನಿಂತ ರೀತಿಯಲ್ಲೇ ಗುರುತು ಸಿಕ್ಕಿತು.

"ಸಿಸ್ಟರ್, ಚಹಾ ಆರ್ತಾ ಇದೆ," ಅಂದಳು ವೀಣ.

ಸಿಸ್ಟರ್ ಚಹಾ ಕುಡಿದರು. ಲೋಟ ತೊಳೆದಿಟ್ಟರು. ಎರಡನೇ ವರ್ಷದ ತರಗತಿಗೆ ಹೋಗಿ ಸಂದರ್ಶನ ಮಾಡುವುದು ಹೇಗೆ ಎಂಬುದರ ಬಗ್ಗೆ ಪೂರ್ತಿ ಒಂದು ಗಂಟೆ ಪಾಠ ಮಾಡಿದರು. ಗಂಟೆ ಹೊಡೆದಾಗ, ಅಷ್ಟು ಹೊತ್ತು ಏನು ಹೇಳಿದೆನೆಂದು ಅವರಿಗೆ ನೆನಪಿರಲಿಲ್ಲ. ವಿದ್ಯಾರ್ಥಿಗಳು ಮಾತ್ರ ಎಲ್ಲವನ್ನೂ ಬರೆದುಕೊಂಡಿದ್ದರು.

ಶಶಿರೇಖಾ ಕೊಪ್ಪದ ಮರಿತಾಯಮ್ಮನ ಮೂರನೇ ಮಗಳು. ಗಂಡಾಗಲಿ ಎಂದು ಕಾದು ಕಾದು ಹುಟ್ಟಿದವಳು. ಇಪ್ಪತ್ತು ವರ್ಷದ ಹಿಂದೆ, ಡಿಗ್ರಿ ಮುಗಿಯುತ್ತಲೇ ಮದುವೆ ಗೊತ್ತುಮಾಡಲು ಹೊರಟಿದ್ದ ಅವರ ಮನೆಗೆ ಸಿಸ್ಟರ್ ನಾಲ್ಕು ಸಲ ಎಡತಾಕಿದ್ದರು. ನಾಲ್ಕನೇ ಸಲ ಮರಿತಾಯಮ್ಮ ರೇಗಿ, "ಕರ್ಕೊಂಡೋಗಮ್ಮ ಅತ್ಲಾಗೆ! ನಿನ್ ಕಾಟ ತಡೆಯಕ್ಕಾಗಕಿಲ್ಲ" ಎಂದು ಮಗಳ ಬಟ್ಟೆಗಂಟನ್ನು ಅವರ ಮಡಿಲಿಗೇ ಹಾಕಿದ್ದಳು. ಆ ಹುಡುಗಿ ಎರಡು ವರ್ಷವೂ ತರಗತಿಗೆ ಮೊದಲಿಗಳಾದಳು. ಹಳ್ಳಿಯಲ್ಲಿ ಅವಳು ಬಾಯಿ ಬಿಟ್ಟರೆ ಬೀಗ ಹಾಕಿಕೊಂಡ ಬಾಗಿಲೂ ತೆರೆಯುತ್ತಿತ್ತು. ಅವಳಿಗೆ ಆ ಸಂಸ್ಥೆಯಲ್ಲಿ ಕೆಲಸ ಕೊಡಿಸಿದ್ದು ಸಿಸ್ಟರ್. ಮದುವೆಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತು ಅಕ್ಷತೆ ಹಾಕಿದ್ದೂ ಅವರೇ. ಎಂಟು ವರ್ಷದಿಂದ ಮದ್ದೂರು, ಮಳವಳ್ಳಿ ಕಡೆಗೆ ಕಳಿಸುವ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಹೊಣೆಯನ್ನೂ ಅವಳಿಗೇ ವಹಿಸಿದ್ದರು. ಅಲ್ಲಿಂದ ಬರುವ ಪ್ರತಿ ಡೈರಿಯ ಕೆಳಗೆ ಮೊದಲು ಶಶಿರೇಖಾಳ ಸಹಿ, ಆಮೇಲೆ ಸಿಸ್ಟರರ ಸಹಿ.

ಅವತ್ತು ಸಂಜೆ ಚಾಪೆಲಿನಲ್ಲಿ ಸಿಸ್ಟರ್ ಮಂಡಿಯೂರಿ ಅಳು ಬರಲೆಂದು ಕಾದರು. ಬರಲಿಲ್ಲ. ಸಿಟ್ಟಾದರೂ ಬಂದೀತೆಂದು ನೋಡಿದರು. ಅದೂ ಇಲ್ಲ. ಜಪಮಾಲೆಯ ಮಣಿಗಳು ಬೆರಳಿನಿಂದ ಬೆರಳಿಗೆ ಸರಿದವು, ತುಟಿಯಿಂದ ಮಾತುಗಳು ತಮ್ಮಷ್ಟಕ್ಕೆ ಉದುರಿದವು. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದಾಗ ಅರ್ಧ ಮುಖ ತನ್ನದಲ್ಲವೆನಿಸುತ್ತದಲ್ಲ, ಹಾಗೆ ಎದೆಯ ಯಾವುದೋ ಭಾಗ ಬೇರೆಯವರದ್ದಾದಂತಿತ್ತು. ಮಾರನೇ ದಿನ ಅಡುಗೆಮನೆಯಲ್ಲಿ ಅನ್ನದ ಗಂಜಿ ಬಸಿಯುವಾಗ ಮುಂಗೈ ಮೇಲೆ ಸುರಿದುಕೊಂಡರು. ಪಕ್ಕದಲ್ಲಿದ್ದವರು ಕೂಗಿಕೊಂಡ ಮೇಲೆಯೇ ಅವರು ಕೈಯನ್ನು ನೋಡಿಕೊಂಡದ್ದು.

ಆ ವಾರವಿಡೀ ಅವರು ದಿನದ ಕೆಲಸಗಳನ್ನು ಒಂದೂ ತಪ್ಪದೆ ಮಾಡಿದರು. ಶನಿವಾರ ಡೈರಿಗಳನ್ನು ತಿದ್ದುತ್ತಾ ಕೂತಿದ್ದಾಗ, ಯಾವುದೋ ಹುಡುಗನ ಅಕ್ಷರದ ಮೇಲೆ ಕಣ್ಣಿಟ್ಟಿದ್ದಂತೆಯೇ, ಬೇರೊಂದು ಡೈರಿಯ ಸಾಲು ನೆನಪಾಯಿತು. ಪೆನ್ನು ಕೆಳಗಿಟ್ಟರು. ವಿಭಾಗದ ಹಿಂದಿನ ಉಗ್ರಾಣದಲ್ಲಿ ಐದು ವರ್ಷದ ಡೈರಿಗಳನ್ನು ಕಟ್ಟಿಡುವ ಪದ್ಧತಿ ಅವರದ್ದೇ. ಎರಡು ವರ್ಷದ ಹಿಂದಿನ ಕಟ್ಟನ್ನು ಬಿಚ್ಚಿದರು.

ಫಾಯಿಜಾ ಎಂಬ ವಿದ್ಯಾರ್ಥಿನಿಯ ಡೈರಿ. ಮಳವಳ್ಳಿಯಲ್ಲಿ ಬಸ್ಸು ಲಾರಿ ರಿಪೇರಿ ಮಾಡುವ ನಜೀರ್ ಅಹ್ಮದರ ಮಗಳು, ತರಗತಿಯಲ್ಲಿ ಹೆಚ್ಚು ಮಾತಾಡದವಳು. ನವೆಂಬರ್ ಒಂಬತ್ತನೇ ತಾರೀಕಿನ ಪುಟದಲ್ಲಿ ಅವಳು ಹೀಗೆ ಬರೆದಿದ್ದಳು:

'ಎರಡನೇ ಸಲ ಗರ್ಭಿಣಿಯಾದ ಮೂವರು ಹೆಂಗಸರ ಹೊಟ್ಟೆ ಇದ್ದಕ್ಕಿದ್ದಂತೆ ಇಳಿದಿದೆ. ಕೇಳಿದರೆ ಬಿದ್ದುಹೋಯಿತು ಎನ್ನುತ್ತಾರೆ. ಮೂವರಿಗೂ ಮೊದಲನೆಯದು ಹೆಣ್ಣು. ಮದ್ದೂರಿನ ಹತ್ತಿರ ಕೋಳಿಫಾರಂಗೆ ಹೋಗಿ ಬಂದರಂತೆ ಎಂದು ಒಬ್ಬ ಅಜ್ಜಿ ಹೇಳಿದರು. ಶಶಿರೇಖಾ ಮೇಡಂ ಜೊತೆಯಲ್ಲಿ ಹೋಗಿದ್ದರಂತೆ. ನನಗೆ ಅರ್ಥವಾಗಲಿಲ್ಲ.'

ಆ ಪುಟದ ಕೆಳಗೆ ಶಶಿರೇಖಾಳ ಸಹಿ ಇರಲಿಲ್ಲ, ಫಾಯಿಜಾ ಅದನ್ನು ನೇರ ಸಿಸ್ಟರಿಗೇ ತಂದುಕೊಟ್ಟಿದ್ದಳು. ಬರಹದ ಪಕ್ಕ, ಅಂಚಿನಲ್ಲಿ, ಕೆಂಪು ಶಾಯಿ. ಓರೆಯಾದ, ದುಂಡಗಿನ, ಮೂವತ್ತೊಂಬತ್ತು ವರ್ಷದಿಂದ ಬದಲಾಗದ ಅಕ್ಷರ:

'ಇದು ಗಾಳಿಮಾತು. ಮೇಲ್ವಿಚಾರಕಿಯ ಮೇಲೆ ಆಧಾರವಿಲ್ಲದೆ ಬರೆಯುವುದು ಈ ವೃತ್ತಿಗೆ ತಕ್ಕದ್ದಲ್ಲ. ಪುಟವನ್ನು ಮತ್ತೆ ಬರೆದು ತರುವುದು.'

ಅದರ ಹಿಂದೆಯೇ ಪಿನ್ ಹಾಕಿದ ಎರಡನೇ ಹಾಳೆ. ಫಾಯಿಜಾ ಮತ್ತೆ ಬರೆದು ತಂದದ್ದು. ಅದರಲ್ಲಿ ಅಂಗನವಾಡಿಯ ಮೊಟ್ಟೆ ಹಂಚಿಕೆಯ ವಿವರವಿತ್ತು. 'ಚೆನ್ನಾಗಿದೆ' ಎಂದು ಕೆಂಪಿನಲ್ಲಿತ್ತು.

ಅವತ್ತು ಆ ಷರಾ ಬರೆಯುವ ಮುಂಚೆ ಶಶಿರೇಖಾಳಿಗೆ ಫೋನ್ ಮಾಡಿದ್ದು ಸಿಸ್ಟರಿಗೆ ನೆನಪಾಯಿತು. ಅವಳು ನಕ್ಕಿದ್ದಳು. "ಪಾಪ, ಅಳ್ಳಿ ಮುದುಕೀರ ಮಾತು ನಂಬ್ಕಂಡವ್ಳೆ ಸಿಸ್ಟರ್. ಹೊಸಬಳಲ್ವಾ. ಬೈಬೇಡಿ." ಬೈಬೇಡಿ ಅಂದದ್ದಕ್ಕೆ ಎಂಥ ದೊಡ್ಡ ಮನಸ್ಸು ಎಂದುಕೊಂಡಿದ್ದರು.

ಉಗ್ರಾಣದ ನೆಲದ ಮೇಲೆ ಕೂತು ಸಿಸ್ಟರ್ ಲೆಕ್ಕ ಹಾಕಲು ನೋಡಿದರು. ಎರಡು ವರ್ಷ. ಎಷ್ಟು ಹೆಂಗಸರು? ಆ ಯೋಚನೆ ಒಂದು ಗೋಡೆಯವರೆಗೆ ಹೋಗಿ ಅಲ್ಲಿಯೇ ನಿಂತಿತು. ನೋವಾಗಬೇಕಿತ್ತು. ಮಂಡಿ ಮಾತ್ರ ನೋಯುತ್ತಿತ್ತು.

ಸೋಮವಾರ ಅವರು ಪ್ರಿನ್ಸಿಪಾಲ್ ರಘುನಂದನರಿಗೆ ಡೈರಿ ತೋರಿಸಿದರು. ಅವರು ಕೆಟ್ಟ ಮನುಷ್ಯರಲ್ಲ. ಓದಿ, ಕನ್ನಡಕ ತೆಗೆದು, ಬಾಗಿಲು ಹಾಕಿ ಬಂದರು.

"ಇದನ್ನ ಯಾರಾದ್ರೂ ಕೇಳಿದಾರಾ ಸಿಸ್ಟರ್?"

"ಇಲ್ಲ."

"ಕೇಳದೆ ಇದ್ದದ್ದನ್ನ ನಾವೇ ಯಾಕೆ ತಗೊಂಡು ಹೋಗ್ಬೇಕು? ಈ ವರ್ಷ ಸೇರಿರೋದೇ ಹದಿನಾಲ್ಕು ಜನ. ಕಾಲೇಜಿನ ಹೆಸರು ಪೇಪರಲ್ಲಿ ಬಂದ್ರೆ ನಿಮ್ಮ ವಿಭಾಗ ಉಳಿಯಲ್ಲ. ನೀವು ಕಟ್ಟಿದ್ದು ಅದು."

"ಹೌದು," ಅಂದರು ಸಿಸ್ಟರ್.

"ನಿಮ್ಮ ಹೆಸರೂ ಉಳಿಯಲ್ಲ."

"ಹೌದು."

ಅವರು ವಾದ ಮಾಡುತ್ತಾರೆಂದು ರಘುನಂದನ್ ಕಾದರು. ಸಿಸ್ಟರ್ ಡೈರಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಧೈರ್ಯವೆಂದು ಆಮೇಲೆ ಕೆಲವರು ಅದನ್ನು ಕರೆದರು. ಆದರೆ ಧೈರ್ಯಕ್ಕೆ ಮುಂಚೆ ಹೆದರಿಕೆಯಾದರೂ ಇರಬೇಕಲ್ಲ. ಅವರಲ್ಲಿ ಅದೂ ಇರಲಿಲ್ಲ.

ಡೈರಿಯ ಮೇಲೆ ಫಾಯಿಜಾಳ ಹೆಸರಿತ್ತು. ಅವಳನ್ನು ಕೇಳದೆ ಕೊಡುವುದು ತಪ್ಪೆಂದು ಮರುದಿನ ಮಳವಳ್ಳಿಯ ಬಸ್ಸು ಹತ್ತಿದರು. ನಜೀರ್ ಅಹ್ಮದ್ ಗ್ಯಾರೇಜಿನ ಮುಂದೆ ಗ್ರೀಸಿನ ಕೈಯಲ್ಲೇ ನಮಸ್ಕಾರ ಮಾಡಿ, ಮೇಲಿನ ಮನೆಗೆ ದಾರಿ ತೋರಿಸಿದರು. ಫಾಯಿಜಾ ನಡುಮನೆಯಲ್ಲಿ ಐದಾರು ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದಳು. ಪದವಿ ಮುಗಿದ ಮೇಲೆ ಅವಳು ಸಮಾಜಕಾರ್ಯದ ಕೆಲಸಕ್ಕೆ ಎಲ್ಲಿಯೂ ಅರ್ಜಿ ಹಾಕಿರಲಿಲ್ಲ. ಯಾಕೆಂದು ಸಿಸ್ಟರ್ ಇದುವರೆಗೆ ಕೇಳಿರಲಿಲ್ಲ.

ಮಕ್ಕಳನ್ನು ಕಳಿಸಿ ಅವಳು ಎದುರಿಗೆ ಕೂತಳು. ಅವಳ ತಾಯಿ ಸುರಯ್ಯಾ ಶರಬತ್ತು ತಂದಿಟ್ಟು ಒಳಗೆ ಹೋದರು.

"ಪೇಪರ್ ನೋಡಿದ್ಯಾ?" ಕೇಳಿದರು ಸಿಸ್ಟರ್.

"ನೋಡಿದೆ."

ಸಿಸ್ಟರ್ ಡೈರಿಯನ್ನು ಮಧ್ಯದ ಚಾಪೆಯ ಮೇಲಿಟ್ಟರು. ಫಾಯಿಜಾ ತನ್ನ ಅಕ್ಷರವನ್ನು ನೋಡಿದಳು, ಕೆಂಪು ಅಕ್ಷರವನ್ನೂ ನೋಡಿದಳು. ಮುಟ್ಟಲಿಲ್ಲ.

"ಇದನ್ನ ಪೊಲೀಸರಿಗೆ ಕೊಡ್ತೀನಿ. ನಿನ್ನ ಕರೀಬಹುದು. ಬೇಡ ಅಂದ್ರೆ ನಿನ್ನ ಹೆಸರಿರೋ ರಟ್ಟು ತೆಗೀತೀನಿ."

"ನಾನು ಆ ಅಜ್ಜಿ ಹೇಳಿದ್ದನ್ನ ಬರೆದೆ, ಅಷ್ಟೆ," ಅಂದಳು ಫಾಯಿಜಾ. ದನಿ ಏರಿರಲಿಲ್ಲ. "ನೀವೇ ಹೇಳ್ಕೊಟ್ಟಿದ್ರಲ್ಲ, ಅರ್ಥ ಆಗದೆ ಇದ್ರೂ ಬರೀರಿ ಅಂತ. ಬರೆದೆ. ನೀವು ಎಲ್ಲರ ಮುಂದೆ ಡೈರಿ ವಾಪಸ್ ಕೊಟ್ರಿ. ಸರಿ, ನನಗೇ ತಪ್ಪು ತಿಳಿದಿರಬೇಕು ಅಂದ್ಕೊಂಡೆ. ಆಮೇಲೆ ಯಾರು ಏನು ಹೇಳಿದ್ರೂ ನನಗೆ ಸರಿಯಾಗಿ ಕೇಳಿಸ್ತಿದೆಯಾ ಅಂತಲೇ ಅನುಮಾನ. ಆ ಕೆಲಸಕ್ಕೆ ಕಿವಿ ಬೇಕಲ್ವಾ ಸಿಸ್ಟರ್? ಬಿಟ್ಟೆ."

ಸಿಸ್ಟರ್ ಕ್ಷಮಿಸು ಎನ್ನಬೇಕೆಂದುಕೊಂಡರು. ಬಾಯಿಗೆ ಬಂದ ಮಾತು ಮರದ ತುಂಡಿನ ಹಾಗಿತ್ತು. ಆದರೂ ಹೇಳಿದರು.

ಫಾಯಿಜಾ ತಲೆಯಾಡಿಸಿದಳು. ಒಪ್ಪಿದಳೋ, ಕೇಳಿಸಿಕೊಂಡೆ ಎಂದಳೋ ತಿಳಿಯಲಿಲ್ಲ. "ಹೆಸರು ತೆಗೀಬೇಡಿ. ಕೊಡಿ. ಆದ್ರೆ ಎರಡನೇ ಹಾಳೆನೂ ಕೊಡಿ. ಮೊಟ್ಟೆ ಲೆಕ್ಕದ್ದು."

"ಕೊಡ್ತೀನಿ."

"ಪಿನ್ ತೆಗೀದೆ ಕೊಡಿ."

ಮದ್ದೂರಿನಲ್ಲಿ ತನಿಖೆ ಮಾಡುತ್ತಿದ್ದ ಅಧಿಕಾರಿ ಹೆಂಗಸು, ಚಿಕ್ಕ ವಯಸ್ಸಿನವರು. ಸಿಸ್ಟರ್ ಡೈರಿ ಕೊಟ್ಟು, ಎರಡೂ ಹಾಳೆ ತೋರಿಸಿ, ಫೋನ್ ಮಾಡಿದ್ದನ್ನೂ ಬಿಡದೆ ಹೇಳಿದರು. ಆಕೆ ಬರೆದುಕೊಳ್ಳುತ್ತಾ ಬರೆದುಕೊಳ್ಳುತ್ತಾ ನಿಲ್ಲಿಸಿ, "ನೀವು ಅಂದೇ ಒಂದು ಸಲ ಹೋಗಿ ನೋಡಬಹುದಿತ್ತಲ್ವಾ?" ಅಂದರು.

"ನೋಡಬಹುದಿತ್ತು," ಅಂದರು ಸಿಸ್ಟರ್. ಅದನ್ನೂ ಆಕೆ ಬರೆದುಕೊಂಡರು. ಸಿಸ್ಟರ್ ಓದಿ ನೋಡಿ, ಒಂದು ಕಾಗುಣಿತ ತಪ್ಪನ್ನು ಬೆರಳಿಟ್ಟು ತೋರಿಸಿ, ಸಹಿ ಹಾಕಿದರು.

ಸೆಪ್ಟೆಂಬರಿನಲ್ಲಿ ಶಶಿರೇಖಾಳಿಗೆ ಜಾಮೀನಾಯಿತು. ಗಂಡನ ಮನೆಯವರು ಸೇರಿಸಲಿಲ್ಲ. ತಾಯಿಯ ಮನೆಗೆ ಬಂದಳು. ಸಾಕ್ಷಿ ಹೇಳುವವರು ಆರೋಪಿಯ ಮನೆಗೆ ಹೋಗಬಾರದೆಂದು ಎಲ್ಲರೂ ಅಂದರು. ಸಿಸ್ಟರ್ ಒಂದು ಭಾನುವಾರ ಪೂಜೆ ಮುಗಿಸಿ ಕೊಪ್ಪದ ಬಸ್ಸು ಹತ್ತಿದರು. ಏನು ಕೇಳಬೇಕೆಂದು ಯೋಚಿಸಿರಲಿಲ್ಲ. ಕಾಲು ಆ ದಾರಿಯನ್ನು ಬಲ್ಲದು, ಹೋಯಿತು.

ಮರಿತಾಯಮ್ಮ ಹಟ್ಟಿಯಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಸಿಸ್ಟರನ್ನು ಕಂಡು ನೆಟ್ಟಗಾದಳು. "ಬಂದ್ಯಾ? ನೀನೇ ಓದ್ಸಿ, ನೀನೇ ಇಡ್ಕೊಟ್ಟೆ. ಏಟು ಚೆಂದಾಗೈತೆ ನೋಡು ನಿನ್ ಇಸ್ಕೂಲು."

"ಅವ್ವಾ, ಸುಮ್ಕಿರು," ಎಂದು ಒಳಗಿಂದ ದನಿ ಬಂತು.

ಶಶಿರೇಖಾ ಗೋಡೆಗೆ ಒರಗಿ ಕೂತಿದ್ದಳು. ತೆಳ್ಳಗಾಗಿದ್ದಳು. ಎದ್ದು ಚಾಪೆ ಹಾಸಿದಳು, ಅಭ್ಯಾಸಬಲ.

"ಡೈರಿ ಕೊಟ್ರಂತೆ," ಅಂದಳು.

"ಕೊಟ್ಟೆ."

"ಒಳ್ಳೇದು ಮಾಡಿದ್ರಿ." ಚಾಪೆಯ ಇನ್ನೊಂದು ತುದಿಯಲ್ಲಿ ಕೂತಳು. "ನೀವು ಕೇಳಕ್ಕೆ ಬಂದಿರೋದು ನಂಗೊತ್ತು. ಮೊದಲು ನಾನೇ ಓಗಿದ್ದು ಸಿಸ್ಟರ್. ನನಗೆ ಎರಡನೇದು ಆದಾಗ. ನಮ್ಮತ್ತೆ ಕರ್ಕೊಂಡೋದ್ರು. ಆಗ ಆ ಜಾಗ ಬೇರೆ ಕಡೆ ಇತ್ತು. ಹೊರಗಡೆ ಬಂದ್ಮೇಲೆ ಒಂದು ತಿಂಗಳು ನನಗೆ ಏನೂ ಅನ್ನಿಸ್ತಾನೇ ಇರಲಿಲ್ಲ. ಸೂಜಿ ಚುಚ್ಚಿದ್ರೂ ಗೊತ್ತಾಗ್ತಿರಲಿಲ್ಲ."

"ನನ್ನ ಹತ್ರ ಯಾಕೆ ಬರಲಿಲ್ಲ?"

"ಬಂದ್ರೆ ನೀವು ಏನು ಹೇಳ್ತಿದ್ರಿ ಅಂತ ಗೊತ್ತಿತ್ತಲ್ಲ. ಎರಡು ವರ್ಸ ನೋಟ್ಸ್ ಬರ್ಕಂಡಿದ್ದೆ." ಅವಳು ವ್ಯಂಗ್ಯವಾಡುತ್ತಿರಲಿಲ್ಲ. "ಆಮೇಲೆ ಅಳ್ಳೀಲಿ ಹೆಂಗಸ್ರು ನನ್ ತಾವ ಬಂದು ಅಳೋರು. ಅತ್ತೆ ಹೊಡೀತಾಳೆ, ಗಂಡ ಬಿಡ್ತಾನೆ. ಎಂಗಿದ್ರೂ ಓಗೋರೇ ಅವರು. ಒಬ್ರೇ ಓಗೋ ಬದಲು ನಾನು ಜೊತೇಲಿದ್ರೆ ಒಂದು ಕೈ ಇಡ್ಕೊಳ್ಳಕ್ಕಾದ್ರೂ ಆಯ್ತದೆ ಅಂತ ಓದೆ. ಅವರು ಎಲ್ಲಿ ನಿಂತವ್ರೋ ಅಲ್ಲಿಂದ ಶುರು ಮಾಡು ಅಂದ್ರಲ್ಲ ನೀವು? ಅಲ್ಲಿಂದಲೇ ಶುರು ಮಾಡಿದ್ದು. ಆಮೇಲೆ ಅಲ್ಲೇ ಇದ್ಬುಟ್ಟೆ. ಆ ಜನ ಕೈಗೆ ದುಡ್ಡು ಇಟ್ಟಾಗ್ಲೂ ಎದ್ದು ಬರಲಿಲ್ಲ."

"ರೂಪ?"

ಶಶಿರೇಖಾ ಬಾಗಿಲ ಕಡೆ ನೋಡಿದಳು. "ಕೈ ಇಡ್ಕೊಂಡಿದ್ದೆ. ತಣ್ಣಗಾಗೋವರೆಗೂ."

ಅವಳೂ ಅಳಲಿಲ್ಲ, ಸಿಸ್ಟರೂ ಅಳಲಿಲ್ಲ. ಹೊರಗೆ ಮರಿತಾಯಮ್ಮ ಎಮ್ಮೆಯನ್ನು ಬಯ್ಯುತ್ತಿದ್ದಳು. ಏಳುವಾಗ ಸಿಸ್ಟರ್, "ಕೋರ್ಟಲ್ಲಿ ಇರೋದನ್ನೇ ಹೇಳ್ತೀನಿ. ನನ್ನದೂ ಹೇಳ್ತೀನಿ," ಅಂದರು.

"ನಾನೂ ಹೇಳ್ತೀನಿ ಸಿಸ್ಟರ್," ಅಂದಳು ಶಶಿರೇಖಾ. "ವಕೀಲರು ಬೇಡ ಅಂತವ್ರೆ. ಆದ್ರೂ ಹೇಳ್ತೀನಿ."

ಹೇಳಿದಳು. ಅಕ್ಟೋಬರಿನಲ್ಲಿ ನ್ಯಾಯಾಧೀಶರ ಮುಂದೆ ನಡೆದದ್ದನ್ನೆಲ್ಲ ಒಪ್ಪಿಕೊಂಡು, ತಾನು ಕರೆದೊಯ್ದವರ ಸಂಖ್ಯೆಯನ್ನು ನೆನಪಿನಿಂದ ಹೇಳಿದಳು. ಅವಳು ಕೊಟ್ಟ ಗುರುತಿನ ಮೇಲೆ ಇನ್ನೂ ಮೂವರು ಸಿಕ್ಕಿಬಿದ್ದರು. ಮೊಕದ್ದಮೆ ಇನ್ನೂ ನಡೆಯುತ್ತಿದೆ. ರಘುನಂದನ್ ಹೆದರಿದಂತೆಯೇ ಕಾಲೇಜಿನ ಹೆಸರು ಪತ್ರಿಕೆಯಲ್ಲಿ ಬಂತು. ಆಡಳಿತ ಮಂಡಳಿ ಸಿಸ್ಟರನ್ನು ಪಾಠದಿಂದ ಬಿಡಿಸಿತು. ವಿಭಾಗವನ್ನು ವೀಣಳ ಕೈಗೆ ಕೊಟ್ಟಿತು. ಮುಂದಿನ ವರ್ಷ ತೆರೆಯುವುದೋ ಇಲ್ಲವೋ ಎಂದು ಯಾರೂ ಹೇಳುತ್ತಿಲ್ಲ. ಮೂವತ್ತೊಂಬತ್ತು ವರ್ಷದ ಕುರ್ಚಿಯನ್ನು ಬಿಟ್ಟೇಳುವಾಗ ಸಿಸ್ಟರಿಗೆ ಅನ್ನಿಸಿದ್ದು ಇಷ್ಟೇ: ಕಿಟಕಿ ಹಾಕಬೇಕು, ಸಂಜೆ ಸೊಳ್ಳೆ ಬರುತ್ತವೆ.

ಕಾನ್ವೆಂಟಿನ ಮೇಲಿನವರು ಅವರನ್ನು ಮಂಗಳೂರಿನ ವೃದ್ಧ ಸಿಸ್ಟರರ ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಲು ಕೇಳಿದರು. ಈಸ್ಟರ್ ಕಳೆದ ಮೇಲೆ ಹೋಗುತ್ತೇನೆಂದರು. ಡಿಸೆಂಬರಿನ ಒಂದು ಬೆಳಿಗ್ಗೆ, ಇಷ್ಟು ದಿನ ಮುಂದಕ್ಕೆ ಹಾಕಿದ್ದ ಬಸ್ಸನ್ನು ಹತ್ತಿದರು. ಕಿರುಗಾವಲಿಗೆ.

ರೂಪಳ ಮನೆ ಕೇಳಿದಾಗ ಅಂಗಡಿಯವನು ಅವರ ಬಿಳಿ ಸೀರೆಯನ್ನೂ ಶಿಲುಬೆಯನ್ನೂ ನೋಡಿ, ಏನೂ ಕೇಳದೆ ಕೈ ತೋರಿಸಿದ. ಜಗಲಿಯ ಮೇಲೆ ರೂಪಳ ಅತ್ತೆ ಮಲ್ಲಿಗಮ್ಮ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದಳು. ಎರಡೂವರೆ ವರ್ಷದ ಒಂದು ಹೆಣ್ಣುಮಗು ಸಿಪ್ಪೆಯ ರಾಶಿಯಲ್ಲಿ ಕಾಲು ಹೂತುಕೊಂಡು ಕೂತಿತ್ತು.

ಸಿಸ್ಟರ್ ತಾವು ಯಾರೆಂದು ಹೇಳಿದರು. ಶಶಿರೇಖಾ ತಮ್ಮ ವಿದ್ಯಾರ್ಥಿನಿಯೆಂದು ಹೇಳಿದರು. ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ಎಚ್ಚರಿಸಿದ್ದಳು, ತಾವು ಕೇಳಲಿಲ್ಲ ಎಂದೂ ಹೇಳಿದರು. ಮಲ್ಲಿಗಮ್ಮನ ಬೆರಳು ನಿಲ್ಲಲಿಲ್ಲ. ಎಲ್ಲ ಮುಗಿದ ಮೇಲೆ ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿದಳು, ಮೊರವನ್ನು ಇಬ್ಬರ ಮಧ್ಯಕ್ಕೆ ಎಳೆದಳು.

"ಕುಂತ್ಕೋ. ಸುಲಿ."

ಸಿಸ್ಟರ್ ಕೂತು ಸುಲಿದರು. ಸೊಗಡು ಕೈಗೆ ಹತ್ತಿತು. ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿಯಿತು.

"ಅವ್ಳು ಒಲ್ಲೆ ಅಂದ್ಲು ಕಣಮ್ಮ," ಅಂದಳು ಮಲ್ಲಿಗಮ್ಮ, ಕಾಳಿನ ಮೇಲೆಯೇ ಕಣ್ಣಿಟ್ಟು. "ಇರ್ಲಿ ಬುಡತ್ತೆ, ಅದೂ ಒಂದು ಇರ್ಲಿ ಅಂದ್ಲು. ನಾನೇ ಕಳ್ಸಿದ್ದು. ಪೊಲೀಸ್ನೋರು ಕೇಳ್ದಾಗ ಗೊತ್ತಿಲ್ಲ ಅಂದ್ಬುಟ್ಟೆ."

ಇಂಥ ಮಾತಿಗೆ ಏನು ಉತ್ತರ ಕೊಡಬೇಕೆಂದು ಸಿಸ್ಟರ್ ಎಷ್ಟೋ ವರ್ಷ ಪಾಠ ಮಾಡಿದ್ದರು. ಆ ಪಾಠವನ್ನು ಅವರು ಈಗ ಹುಡುಕಲಿಲ್ಲ, ಇನ್ನೊಂದು ಕಾಯಿ ಸುಲಿದರು. ಮಗು ಎದ್ದು ಬಂದು, ಒಂದು ಕಾಳನ್ನು ಅವರ ಅಂಗೈಯಲ್ಲಿಟ್ಟು, ಮತ್ತೆ ತೆಗೆದುಕೊಂಡಿತು. ಮತ್ತೆ ಇಟ್ಟಿತು. ಆ ಪುಟ್ಟ ಬೆರಳು ಬೆಚ್ಚಗಿತ್ತು. ಅಷ್ಟು ಅವರಿಗೆ ಗೊತ್ತಾಯಿತು.

"ಇವಳ ಹೆಸರೇನು?"

"ಮಾನ್ಯ. ಅವ್ಳೇ ಇಟ್ಟಿದ್ದು."

ಮಧ್ಯಾಹ್ನ ಮಲ್ಲಿಗಮ್ಮ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಉಂಡು ಕೈತೊಳೆದ ಮೇಲೆ, "ಪೊಲೀಸ್ನೋರ ತಾವ ಓಗ್ಬೇಕು. ಒಬ್ಳೇ ಓಗಕ್ಕೆ ದಿಗಿಲಾಯ್ತದೆ," ಅಂದಳು.

"ನಾಳೆ ಬತ್ತೀನಿ," ಅಂದರು ಸಿಸ್ಟರ್. "ಅತ್ತು ಗಂಟೆ ಬಸ್ಸಿಗೆ."